ಏಳನೇ ತಿರುವಿನ ಎರಡು ಸೆಕೆಂಡು

ಘಟ್ಟ ಇಳಿಯುವ ರೈಲನ್ನು ತಾನಾಗಿ ನಡೆಸುವ ಯಂತ್ರಕ್ಕೆ ವಿದ್ಯೆ ಕಲಿಸಬೇಕಾದರೆ ಅದಕ್ಕೆ ಅಪಘಾತಗಳನ್ನು ತೋರಿಸಬೇಕು. ನಿಜವಾದ ಘಟ್ಟದಲ್ಲಿ ನಿಜವಾದ ರೈಲನ್ನು ಉರುಳಿಸಿ ತೋರಿಸುವುದು ಯಾರಿಂದಲೂ ಆಗದ ಕೆಲಸ. ಈ ಒಂದು ತೊಡಕಿನಿಂದಾಗಿಯೇ ಕಡೆಗುಂಡಿ ಘಟ್ಟದ ರೈಲುದಾರಿಗೂ ಹುಬ್ಬಳ್ಳಿಯ ದಾಕ್ಷಾಯಿಣಿ ಹೂಲಿಯ ಮನೆಯ ಮಹಡಿಗೂ ನಂಟು ಬೆಳೆದದ್ದು.

ದಾಕ್ಷಾಯಿಣಿ ಮೂವತ್ತೊಂದು ವರ್ಷ ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತಳಾದವಳು. ಅವಳ ಹತ್ತಿರ ಐದು ಪುಟ್ಟ ಉಗಿ ಎಂಜಿನ್‌ಗಳಿದ್ದವು. ಕೀಲಿ ಕೊಟ್ಟರೆ ಓಡುವ ಆಟಿಕೆಗಳಲ್ಲ. ಒಂದೊಂದೂ ಒಂದು ಮೊಳದುದ್ದ. ಬಾಯ್ಲರಿಗೆ ನೀರು ತುಂಬಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿ, ಉಗಿ ಏರುವತನಕ ಕಾದು ಕೂತರೆ ದೊಡ್ಡ ಎಂಜಿನ್ ಹೇಗೆ ಉಸಿರು ಬಿಡುತ್ತಿತ್ತೋ ಹಾಗೆಯೇ ಇವೂ ಉಸಿರು ಬಿಡುತ್ತ ಹೊರಡುತ್ತಿದ್ದವು. ಮಹಡಿಯ ಕೋಣೆಯ ನಾಲ್ಕೂ ಗೋಡೆಗುಂಟ ಸೊಂಟದೆತ್ತರಕ್ಕೆ ಹಲಗೆ ಹಾಕಿ ಅದರ ಮೇಲೆ ಅವಳು ಹಳಿ ಜೋಡಿಸಿದ್ದಳು. ಗಂಡ ವಿರೂಪಾಕ್ಷಪ್ಪನವರು ಭೂಗೋಳದ ಮಾಸ್ತರರಾಗಿದ್ದವರು. ಮನೆಯೆಲ್ಲ ಸ್ಪಿರಿಟ್ ವಾಸನೆ ಎಂದು ಗೊಣಗುತ್ತಲೇ ಹಳಿಯ ಪಕ್ಕದ ಗುಡ್ಡಗಳನ್ನು ಕಾಗದ ಕಲಸಿ ತಾವೇ ಮಾಡಿಕೊಟ್ಟಿದ್ದರು.

ಧಾರವಾಡ ರಸ್ತೆಯ ಘಟ್ಟ ಸಂಚಾರ ಪ್ರಯೋಗಾಲಯದವರು ಮೊದಲು ಎಲ್ಲವನ್ನೂ ಗಣಕದಲ್ಲೇ ಲೆಕ್ಕ ಹಾಕಿ ನೋಡಿದ್ದರು. ಬಂದ ಉತ್ತರಗಳು ತೀರ ನುಣ್ಣಗಿದ್ದವು. ಒದ್ದೆ ಹಳಿಯ ಮೇಲೆ ಗಾಲಿ ಯಾವ ಗಳಿಗೆಯಲ್ಲಿ ಜಾರುತ್ತದೆ, ಒಂದು ಹಸಿ ಎಲೆ ಅಡ್ಡ ಬಂದರೆ ಬ್ರೇಕು ಎಷ್ಟು ಹಿಡಿಯುತ್ತದೆ ಎಂಬಂಥ ಸಂಗತಿಗಳಲ್ಲಿ ಲೆಕ್ಕವೂ ಲೋಕವೂ ಸರಿಹೊಂದುತ್ತಿರಲಿಲ್ಲ. ಆಗ ಅಲ್ಲಿಯ ಮುಖ್ಯಸ್ಥ ಡಾ. ವಾಮನರಾವ್ ಕೆರೂರರಿಗೆ ಮನೆಯಲ್ಲಿ ಪುಟ್ಟ ರೈಲು ಓಡಿಸುವ ಹವ್ಯಾಸಿಗಳ ನೆನಪಾಯಿತು. ರಾಜ್ಯದಲ್ಲಿ ಮೂವತ್ತೆಂಟು ಮನೆಗಳನ್ನು ಹುಡುಕಿ, ಕಡೆಗುಂಡಿ ಘಟ್ಟದ ಒಂಬತ್ತು ತಿರುವುಗಳ ನಕ್ಷೆ ಕೊಟ್ಟು, ಇಷ್ಟೇ ಇಳಿಜಾರಿನಲ್ಲಿ ಹಳಿ ಹಾಕಿರಿ ಎಂದರು. ಒಂಬತ್ತರಲ್ಲಿ ಏಳನೆಯದೇ ಎಲ್ಲಕ್ಕಿಂತ ಬಿಗಿಯಾದ ತಿರುವು. ಪ್ರತಿ ಗಾಲಿಗೂ ಸಾಸಿವೆ ಕಾಳಿನಷ್ಟು ಚಿಕ್ಕ ಸಂವೇದಕ ಕೂಡಿಸಿದರು. ಡಬ್ಬಿಗಳಿಗೆ ದಾರದ ಉಂಡೆಯಷ್ಟು ಮೋಟಾರಿನ ಬ್ರೇಕು ಬಂತು. ಆ ಬ್ರೇಕನ್ನು ಒತ್ತುವುದು, ಬಿಡುವುದು ಪ್ರಯೋಗಾಲಯದಲ್ಲಿದ್ದ ಯಂತ್ರದ ಕೆಲಸ. ಅದಕ್ಕೆ ಸವಾರ ಎಂದು ಹೆಸರಿಟ್ಟಿದ್ದರು. ಚಿಕ್ಕ ಗಾಲಿಯ ಅಳತೆಯನ್ನು ದೊಡ್ಡ ಗಾಲಿಗೆ ತಿರುಗಿಸುವ ಸೂತ್ರ ಕೆರೂರರದು. ಸವಾರ ಪ್ರತಿ ಓಟದಿಂದಲೂ ಕಲಿಯುತ್ತಿತ್ತು. ಬ್ರೇಕು ಇಷ್ಟು ಒತ್ತಿದೆ, ರೈಲು ಉಳಿಯಿತು. ಇಷ್ಟು ಒತ್ತಿದೆ, ಗಾಲಿ ಸವೆಯಿತು. ಇಷ್ಟು ಒತ್ತಿದೆ, ರೈಲು ಹೋಯಿತು.

ಹವ್ಯಾಸಿಗಳು ಮಾಡಬೇಕಾದದ್ದು ಇಷ್ಟೆ: ಹಳಿಗೆ ಎಣ್ಣೆ ಸವರುವುದು, ನೀರು ಚಿಮುಕಿಸುವುದು, ಡಬ್ಬಿಗಳಲ್ಲಿ ಕಬ್ಬಿಣದ ತುಂಡು ಹೇರುವುದು, ರೈಲನ್ನು ಇಳಿಜಾರಿಗೆ ಬಿಡುವುದು. ತಿರುವುಗಳ ಕೆಳಗೆ ಸ್ಪಂಜಿನ ಹಾಸಿಗೆ ಹಾಸಿ, ಬಿದ್ದರೆ ಬೀಳಲು ಬಿಡಬೇಕು. ಕೊನೆಗೆ ಒಂದು ಹಾಳೆ ತುಂಬಬೇಕು. ಅದರ ಕೊನೆಯ ಸಾಲು, 'ಓಟದಲ್ಲಿ ರೈಲನ್ನು ಹೊರಗಿನಿಂದ ಮುಟ್ಟಿಲ್ಲ' ಎಂಬುದು. ಅದರ ಮುಂದೆ ಸಹಿ.

ಎರಡು ವರ್ಷಗಳಲ್ಲಿ ದಾಕ್ಷಾಯಿಣಿ ಅಂಥ ನಾನೂರ ಹನ್ನೊಂದು ಹಾಳೆಗಳಿಗೆ ಸಹಿ ಹಾಕಿದ್ದಳು.

ಮಂಗಳವಾರ ಮಧ್ಯಾಹ್ನ ಮುಬೀನಾ ನದಾಫ್ ಬಂದಳು. ಪ್ರಯೋಗಾಲಯದ ಎಂಜಿನಿಯರು, ತಿಂಗಳಿಗೊಮ್ಮೆ ಬಂದು ಸಂವೇದಕಗಳನ್ನು ಪರೀಕ್ಷಿಸಿ ಹೋಗುವವಳು. ಬಂದಾಗೆಲ್ಲ ಊಟ ಇಲ್ಲಿಯೇ. ಅವತ್ತು ಅವಳ ಮುಖದಲ್ಲಿ ಸಂಭ್ರಮವಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಸವಾರ ಮೊದಲ ಸಲ ಜನರನ್ನು ಕೂಡಿಸಿಕೊಂಡು ಕಡೆಗುಂಡಿ ಘಟ್ಟ ಇಳಿಯುವುದಿತ್ತು. ಮೂರು ಡಬ್ಬಿ, ಪ್ರಯೋಗಾಲಯದವರು, ಅವರ ಮನೆಯವರು ಸೇರಿ ಅರವತ್ತು ಮಂದಿ. ಮುಬೀನಾ ಎರಡನೇ ಡಬ್ಬಿಯಲ್ಲಿ. ಅವಳ ಅಮ್ಮನೂ ಬರುವವಳಿದ್ದಳು.

ರೊಟ್ಟಿ ಮುರಿಯುತ್ತ ಮುಬೀನಾ ಹೋದ ವಾರದ ಖಾಲಿ ರೈಲಿನ ಓಟದ ಸುದ್ದಿ ಹೇಳಿದಳು. ಎಂಟು ಸಲ ಇಳಿಸಿದ್ದರಂತೆ. ಒಮ್ಮೆ ಏಳನೇ ತಿರುವಿನ ಹತ್ತಿರ ವೇಗ ಮಿತಿಯನ್ನು ತುಸು ದಾಟಿತು. ಸವಾರ ಆಗ ಯಾರೂ ಎಣಿಸದ ಒಂದು ಕೆಲಸ ಮಾಡಿತು. ಬ್ರೇಕು ಗಟ್ಟಿಯಾಗಿ ಒತ್ತುವ ಬದಲು ಎರಡು ಸೆಕೆಂಡು ಪೂರ್ತಿ ಬಿಟ್ಟುಬಿಟ್ಟಿತು. ರೈಲು ಹಗುರವಿತ್ತು, ತಿರುವನ್ನು ದಾಟಿ ಹೋಯಿತು.

"ಗಾಲಿ ಸವೀಬಾರದಂತ ಬಿಟ್ಟಿರಬೇಕಂತಾರ ನಮ್ಮ ಸಾಹೇಬ್ರು," ಎಂದಳು ಮುಬೀನಾ. "ಯಾರೂ ಹೇಳಿಕೊಟ್ಟಿದ್ದಲ್ಲ ಅಕ್ಕಾರ. ತಾನ ಕಲ್ತದ."

ದಾಕ್ಷಾಯಿಣಿ ಹೌದೇ ಎಂದಳು, ಇನ್ನೊಂದು ರೊಟ್ಟಿ ಬಡಿಸಿದಳು. ಆದರೆ ಆ ಮಾತು ಅವಳ ಒಳಗೆ ಎಲ್ಲೋ ಸಿಕ್ಕಿಕೊಂಡಿತು. ಇಳಿಜಾರಿನಲ್ಲಿ ವೇಗ ಹೆಚ್ಚಾದಾಗ ಬ್ರೇಕು ಬಿಡುವುದನ್ನು ಅದಕ್ಕೆ ಯಾರು ಕಲಿಸಿದರು? ಅದೂ ಏಳನೇ ತಿರುವಿನಲ್ಲೇ ಏಕೆ?

ಮುಬೀನಾ ಹೋದ ಮೇಲೆ ಅವಳು ಮಹಡಿ ಹತ್ತಿ ಮೂರನೇ ನಂಬರಿನ ಎಂಜಿನ್ ಹೊರತೆಗೆದಳು. ಅದು ಅಂತೋನಿ ಮಾಸ್ತರರು ಮಾಡಿದ್ದು. ರೈಲ್ವೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅವರು, ಹೆಣ್ಣುಮಗಳು ಅರ ಹಿಡಿಯುವುದನ್ನು ನೋಡಿ ಜನ ನಗುತ್ತಿದ್ದ ಕಾಲದಲ್ಲಿ, ಅವಳಿಗೆ ಲೇತ್ ಯಂತ್ರದ ಕೆಲಸ ಕಲಿಸಿದವರು. ಈ ಹಿತ್ತಾಳೆಯ ಎಂಜಿನ್ನಿಗೆ ಹನ್ನೊಂದು ವರ್ಷ ಹಿಡಿದಿದ್ದರು. ಕಣ್ಣು ಮಂಜಾದ ಮೇಲೆ ಅದನ್ನು ಅವಳ ಕೈಗಿಟ್ಟು, ಓಡಿಸುತ್ತ ಇರು, ಕಪಾಟಿನಲ್ಲಿಡಬೇಡ ಎಂದಿದ್ದರು.

ಉಗಿ ಏರಿತು. ಆರು ಡಬ್ಬಿಗಳಿಗೆ ಕಬ್ಬಿಣ ಹೇರಿ, ಹಳಿಗೆ ನೀರು ಚಿಮುಕಿಸಿ, ರೈಲು ಬಿಟ್ಟಳು. ಅದು ಬಾಗಿಲಿಗೆ ಅಡ್ಡ ಹಾಕಿದ ಸೇತುವೆ ದಾಟಿ, ಕಪಾಟಿನ ಪಕ್ಕ ಇಳಿದು, ನಾಲ್ಕು, ಐದು, ಆರನೇ ತಿರುವು ಮುಗಿಸಿ ಕಿಟಕಿಯ ಕಡೆಗೆ ನುಗ್ಗಿತು. ಅವಳು ಅವತ್ತು ರೈಲನ್ನು ನೋಡುತ್ತಿರಲಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ಏಳನೇ ತಿರುವಿಗೆ ಒಂದು ಗೇಣು ಇರುವಾಗ ಅವಳ ಬಲಗೈ ತಾನಾಗಿ ಮುಂದೆ ಹೋಯಿತು. ಅಂಗೈ ಎಂಜಿನ್ನಿನ ಮೂತಿಗೆ ಅಡ್ಡ ಬಂತು, ಬೆರಳುಗಳು ಮೆತ್ತಗೆ ಮುಚ್ಚಿಕೊಂಡವು, ರೈಲು ನಿಂತಿತು.

ಅವಳು ಸ್ಟೂಲಿನ ಮೇಲೆ ಕೂತಳು.

ಸುಳ್ಳು ಹೇಳಬೇಕೆಂದು ಅವಳು ಎಂದೂ ಸಹಿ ಹಾಕಿದವಳಲ್ಲ. ಮೊದಲ ಒಂದೆರಡು ಸಲ ಹಿಡಿದಾಗ ಆ ಹಾಳೆಯನ್ನು ಹರಿದು ಹಾಕಿದ್ದಳು. ಆಮೇಲೆ, ಹೇಗೂ ಬೀಳುವುದಿತ್ತಲ್ಲ, ಅಷ್ಟರವರೆಗಿನ ಓಟವಂತೂ ಖರೆ, ಕೊನೆಯ ಗೇಣಿನಲ್ಲಿ ಏನಿದೆ ಎಂದುಕೊಂಡಳು. ಸ್ಪಂಜಿನ ಹಾಸಿಗೆ ಮಂಚದ ಕೆಳಗೆ ಹೋಗಿ ಎಷ್ಟೋ ದಿನವಾಗಿತ್ತು. ಕೈ ಹೋಗುವುದು ರೂಢಿಯಾಯಿತು. ರೂಢಿಯಾದದ್ದು ಕಣ್ಣಿಗೆ ಬೀಳುವುದು ನಿಂತಿತು. ಗಾಲಿಯಲ್ಲಿದ್ದ ಸಂವೇದಕಕ್ಕೆ ಕೈ ಗೊತ್ತಾಗುವುದಿಲ್ಲ. ಅದಕ್ಕೆ ತಿಳಿದದ್ದು ಇಷ್ಟೆ: ರೈಲು ಕೈಮೀರಿ ಓಡುತ್ತಿತ್ತು, ಏಳನೇ ತಿರುವಿನ ಮೊದಲು ಮೆತ್ತಗೆ ನಿಂತಿತು. ಬ್ರೇಕು ಒತ್ತಿದರೂ ನಿಂತಿತು, ಒತ್ತದಿದ್ದರೂ ನಿಂತಿತು. ಹಾಗಿದ್ದ ಮೇಲೆ ಒತ್ತಿ ಗಾಲಿ ಏಕೆ ಸವೆಸಬೇಕು? ಬುದ್ಧಿ ಇರುವ ಯಾರಾದರೂ ಅದನ್ನೇ ಕಲಿಯುತ್ತಿದ್ದರು.

ಆ ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದಳು. ವಿರೂಪಾಕ್ಷಪ್ಪನವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು. ನಿನ್ನೊಬ್ಬಳಿಂದ ಇಷ್ಟಾಗಿರಲಿಕ್ಕಿಲ್ಲ, ಉಳಿದ ಮೂವತ್ತೇಳು ಮಂದಿ ನೆಟ್ಟಗೆ ಬೀಳಿಸಿದ್ದರೆ ಯಂತ್ರಕ್ಕೆ ಅದೂ ಗೊತ್ತಿರುತ್ತದೆ ಎಂದು ಸಮಾಧಾನ ಹೇಳಿದರು. ಅದು ಸಮಾಧಾನದ ಮಾತಲ್ಲವೆಂದು ಇಬ್ಬರಿಗೂ ಅನಿಸಿತು. ತನ್ನ ಕೈಯಾರೆ ಮಾಡಿದ ಎಂಜಿನ್ನನ್ನು ನೆಲಕ್ಕೆ ಬೀಳಲು ಬಿಡುವವರು ಯಾರಿದ್ದಾರು?

ಬುಧವಾರ ಬೆಳಗಿನಿಂದ ಅವಳು ಗೊತ್ತಿದ್ದ ಹವ್ಯಾಸಿಗಳಿಗೆಲ್ಲ ಫೋನು ಮಾಡಿದಳು. ಒಬ್ಬರು ನಕ್ಕರು. ಒಬ್ಬರು, ಒಮ್ಮೊಮ್ಮೆ ಇದ್ದೀತು ಎಂದು ಮಾತು ಬದಲಿಸಿದರು. ಎಲ್ಲರಿಗಿಂತ ಹಿರಿಯರು ಗದಗಿನ ಡಾಕ್ಟರ್ ಪ್ರಭಂಜನ ಇನಾಮದಾರ. ಒಂಬೈನೂರಕ್ಕೂ ಹೆಚ್ಚು ಓಟ ಅವರದು. ಅವರಿಗೆ ಸಿಟ್ಟೇ ಬಂತು. ತಾವು ನಲವತ್ತು ವರ್ಷ ರೋಗಿಗಳ ಚೀಟಿಗೆ ಸಹಿ ಹಾಕಿದವರು, ಸಹಿಯ ಬೆಲೆ ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಫೋನು ಇಟ್ಟುಬಿಟ್ಟರು.

ಗುರುವಾರ ಅವಳು ಪ್ರಯೋಗಾಲಯಕ್ಕೆ ಹೋದಳು. ನಿಯಂತ್ರಣ ಕೋಣೆಯ ಗೋಡೆ ತುಂಬ ಕಡೆಗುಂಡಿ ಘಟ್ಟ ಹರಡಿತ್ತು. ಒಂಬತ್ತು ತಿರುವುಗಳು ಹಸಿರು ಗೆರೆಯಲ್ಲಿ ಹೊಳೆಯುತ್ತಿದ್ದವು. ಮರುದಿನದ ಸಿದ್ಧತೆಯ ಗಡಿಬಿಡಿಯಲ್ಲಿದ್ದ ಕೆರೂರರು ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಮಾತು ಪೂರ್ತಿ ಕೇಳಿದರು. ಅವರ ಮುಖ ಬಿಳಿಚಿಕೊಂಡಿತ್ತು, ಕಣ್ಣು ನಿದ್ದೆಗೆಟ್ಟಿದ್ದವು. ಹಾಳೆಗಳಲ್ಲಿ ಮೂವತ್ತೆಂಟು ಮಂದಿಯ ಸಹಿಯಿದೆ, ಅದರಲ್ಲಿ ನಿಮ್ಮದೊಂದು ಸುಳ್ಳು ಎನ್ನುತ್ತೀರಿ, ಸರಿ. ನಾನೂರ ಹನ್ನೊಂದು ಓಟ ತೆಗೆದುಹಾಕೋಣ, ಹದಿನಾರು ಸಾವಿರದಲ್ಲಿ ಅದು ಎಷ್ಟರ ಪಾಲು ಎಂದರು. ಖಾಲಿ ರೈಲು ಎಂಟು ಸಲ ಸುಖವಾಗಿ ಇಳಿದದ್ದನ್ನೂ ನೆನಪಿಸಿದರು. ದನಿಯಲ್ಲಿ ಒರಟಿರಲಿಲ್ಲ. ಆದರೆ ಮೇಲಿನವರಿಗೆ ದಿನ ಹೇಳಿಯಾಗಿತ್ತು.

"ಖಾಲಿ ರೈಲು ಹಗುರ ಇತ್ತು ಸರ್. ನಾಳೆ ಅರವತ್ತು ಮಂದಿ ಇರ್ತಾರ," ಎಂದಳು ದಾಕ್ಷಾಯಿಣಿ.

"ಬ್ರೇಕ್ ಬಿಟ್ಟಿದ್ದು ನಿಮ್ಮ ಕೈ ಸಲುವಾಗಿನ ಅಂತ ಹೆಂಗ ಹೇಳ್ತೀರಿ, ಮೇಡಂ?"

ದಾಕ್ಷಾಯಿಣಿ ಎದ್ದು ಹೊರಟಳು. ಮುಬೀನಾ ಗೇಟಿನ ತನಕ ಕಳಿಸಲು ಬಂದಳು. ದಾಕ್ಷಾಯಿಣಿ ಆಟೋ ಹತ್ತುವಾಗ, ಅಮ್ಮನ್ನ ಕರ್ಕೊಂಡು ಹೋಗ್ಲೋ ಬ್ಯಾಡೋ ಎಂದು ಕೇಳಿದಳು. ದಾಕ್ಷಾಯಿಣಿ ಬೇಡ ಎಂದಳು. ನೀನೂ ಹೋಗಬೇಡ ಎನ್ನುವಷ್ಟರಲ್ಲಿ ಆಟೋ ಹೊರಟಿತ್ತು.

ಸಂಜೆ ಆರಕ್ಕೆ ಗದಗಿನಿಂದ ಫೋನು ಬಂತು. ಇನಾಮದಾರರ ದನಿ ಬೇರೆಯೇ ಆಗಿತ್ತು. ನಿನ್ನೆಯಿಂದ ಮನಸ್ಸಿಗೆ ನೆಮ್ಮದಿ ಇಲ್ಲವೆಂದೂ, ಇವತ್ತು ಮಧ್ಯಾಹ್ನ ತಮ್ಮ ರೈಲು ಬಿಟ್ಟು ನೋಡಿದೆನೆಂದೂ ಹೇಳಿದರು.

"ನಾನೂ ಹಿಡೀತೀನಿ, ಬಾಯಾರ," ಎಂದರು. "ಇವತ್ತು ಬೀಳಿಸೂಣಂತ ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ. ಆದ್ರೂ ಹಿಡಿದೆ."

ಅವರು ಅದನ್ನೇ ಕೆರೂರರಿಗೂ ಹೇಳಿದ್ದರು. ಏಳು ಗಂಟೆಗೆ ಕೆರೂರರೇ ಫೋನು ಮಾಡಿ, ನಾಳೆ ಬೆಳಿಗ್ಗೆ ಎಂಟಕ್ಕೆ ಸವಾರನನ್ನು ನಿಮ್ಮ ಮನೆಯ ಹಳಿಗೆ ಜೋಡಿಸುತ್ತೇನೆ, ಕೈ ಹಚ್ಚದೆ ಒಂದು ಓಟ ಬಿಡಿರಿ, ಅದು ಬ್ರೇಕು ಒತ್ತಿದರೆ ಹನ್ನೊಂದಕ್ಕೆ ರೈಲು ಹೊರಡುತ್ತದೆ ಎಂದರು.

ಶುಕ್ರವಾರ ಎಂಟಕ್ಕೆ ಮೊದಲೇ ಮುಬೀನಾ ಬಂದಳು, ಓಟ ಮುಗಿಸಿ ಇಲ್ಲಿಂದಲೇ ಘಟ್ಟಕ್ಕೆ ಹೋಗುವವಳಾಗಿ. ಅಳತೆಗಳನ್ನು ತೋರಿಸುವ ಪುಟ್ಟ ಪರದೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಫೋನಿನಲ್ಲಿ ಕೆರೂರರ ದನಿ ಕೋಣೆಗೆಲ್ಲ ಕೇಳುವಂತೆ ಹಚ್ಚಿದಳು. ಬೇರೆ ಎಂಜಿನ್ ಬಿಡಬಹುದಲ್ಲ ಎಂದು ವಿರೂಪಾಕ್ಷಪ್ಪನವರು ಕೇಳಿದರು. ಆಗುವುದಿಲ್ಲ ಎಂದಳು ದಾಕ್ಷಾಯಿಣಿ. ಸವಾರ ಈ ಮನೆಯಲ್ಲಿ ಕಲಿತದ್ದು ಬಹುಪಾಲು ಮೂರನೇ ನಂಬರಿನಿಂದ. ಬೇರೆಯದು ಬಿದ್ದರೆ, ಹೊಸದಾದ್ದರಿಂದ ಬಿತ್ತು ಎಂದು ಯಾರಾದರೂ ಅಂದಾರು. ಕೆಳಗೆ ಸ್ಪಂಜು ಹಾಸಲು ಮಂಚದ ಕೆಳಗೆ ನೋಡಿದರೆ ಅದನ್ನು ಇಲಿ ಕಡಿದು ಪುಡಿ ಮಾಡಿತ್ತು. ಎರಡು ಕೌದಿ ಮಡಚಿ ಹಾಕಿದರು.

ಉಗಿ ಏರಿತು. ಸೇಫ್ಟಿ ವಾಲ್ವು ಸಣ್ಣಗೆ ಸುಯ್ಯೆಂದಿತು. ದಾಕ್ಷಾಯಿಣಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಏಳನೇ ತಿರುವಿನ ಹತ್ತಿರ ನಿಂತಳು. ಮುಬೀನಾ ರೈಲು ಬಿಟ್ಟಳು.

ಅದು ಬಂತು. ದಾಕ್ಷಾಯಿಣಿಗೆ ಹಿತ್ತಾಳೆಯ ಮೂತಿ, ಅದರ ಹಿಂದೆ ತೂಗಾಡುವ ಡಬ್ಬಿಗಳು ಕಂಡವು. ಮುಂದಿನದು ಕಾಣಲಿಲ್ಲ. ಅರಿವಿಗೆ ಬಂದಾಗ ಎಂಜಿನ್ ಅವಳ ಅಂಗೈಯಲ್ಲಿತ್ತು, ಬಿಸಿಗೆ ಚರ್ಮ ಉರಿಯುತ್ತಿತ್ತು.

"ನಿಂತಿತಲ್ಲ ಮೇಡಂ," ಎಂಬ ಕೆರೂರರ ದನಿ ಫೋನಿನಿಂದ ಬಂತು. ಅದರಲ್ಲಿ ಸಮಾಧಾನ ತುಂಬಿತ್ತು. "ಬ್ರೇಕ್ ಸೊನ್ನೆ ಇದ್ರೂ ಚಂದ ನಿಂತಿತು."

ಮುಬೀನಾ ಪರದೆಯನ್ನೂ ದಾಕ್ಷಾಯಿಣಿಯ ಕೈಯನ್ನೂ ನೋಡಿದಳು.

"ಸರ್, ಅದು ನಿಂತಿಲ್ಲ. ಅಕ್ಕಾರು ಹಿಡಿದ್ರು. ನಿಮಗ ಅಲ್ಲಿ ಕಾಣೂದಿಲ್ಲ."

ಕೆರೂರರು ಇನ್ನೊಮ್ಮೆ ಬಿಡಿರಿ ಎಂದರು. ಈ ಸಲ ದನಿ ಸಣ್ಣದಾಗಿತ್ತು.

ಮತ್ತೆ ನೀರು ತುಂಬಿ ಉಗಿ ಏರಿಸಲು ಇಪ್ಪತ್ತು ನಿಮಿಷ ಬೇಕು. ಒಂಬತ್ತಾಗುತ್ತ ಬಂದಿತ್ತು. ಅತ್ತ ಘಟ್ಟದ ಮೇಲಿನ ನಿಲ್ದಾಣದಲ್ಲಿ ಜನ ಆಗಲೇ ಬಂದು ಡಬ್ಬಿ ಹತ್ತತೊಡಗಿದ್ದರು. ಅವರ ನಗು, ಮಕ್ಕಳ ಗಲಾಟೆ ನಿಯಂತ್ರಣ ಕೋಣೆಯ ಮೂಲಕ ಫೋನಿಗೂ ಬರುತ್ತಿತ್ತು. ದಾಕ್ಷಾಯಿಣಿ ದೀಪದ ಬತ್ತಿ ಸರಿಮಾಡುವಾಗ ಎರಡು ಸಲ ಸ್ಪಿರಿಟ್ ಚೆಲ್ಲಿತು. ನನ್ನ ಕೈ ನನ್ನ ಮಾತು ಕೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಗಂಡನ ಕಡೆಗೆ ತಿರುಗಿದಳು.

"ನೀವು ನನ್ನ ಕೈ ಹಿಡೀರಿ," ಎಂದಳು. "ಬಿಡಬ್ಯಾಡ್ರಿ. ನಾ ಬಿಡ್ರಿ ಅಂದ್ರೂ ಬಿಡಬ್ಯಾಡ್ರಿ."

ವಿರೂಪಾಕ್ಷಪ್ಪನವರು ಹಿಂದೆ ನಿಂತು ಅವಳ ಎರಡೂ ಮಣಿಕಟ್ಟುಗಳನ್ನು ಹಿಡಿದರು. ಮೂವತ್ತು ವರ್ಷಗಳಲ್ಲಿ ಅವರು ಅವಳನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದಿರಲಿಲ್ಲ.

ರೈಲು ನಾಲ್ಕನೇ ತಿರುವು ದಾಟುವಾಗ ಮುಬೀನಾ ಪರದೆ ನೋಡಿ ಗಟ್ಟಿಯಾಗಿ ಓದತೊಡಗಿದಳು. ಬ್ರೇಕು ನೂರಕ್ಕೆ ನಲವತ್ತು. ಐದರಲ್ಲಿ ಅರವತ್ತು. ಆರರಲ್ಲಿ ಎಂಬತ್ತು, ಒದ್ದೆ ಹಳಿಯ ಮೇಲೆ ಗಾಲಿಗಳು ಕಿರುಗುಟ್ಟಿದವು. ಸವಾರ ತನ್ನ ಕೆಲಸ ಬಲ್ಲುದು, ಹಿಡಿದೀತು ಎಂದು ಒಂದು ಕ್ಷಣ ದಾಕ್ಷಾಯಿಣಿಗೂ ಆಸೆ ಹುಟ್ಟಿತು. ಏಳನೆಯದಕ್ಕೆ ಒಂದು ಗೇಣಿತ್ತು. ಮುಬೀನಾ, ಸೊನ್ನೆ ಎಂದಳು.

ಕಿರುಗುಟ್ಟುವುದು ಒಮ್ಮೆಲೇ ನಿಂತಿತು. ರೈಲು ಹಗುರವಾಗಿ, ನಿರಾಳವಾಗಿ, ಬರಬೇಕಾದ ಕೈಯ ಕಡೆಗೆ ಓಡಿ ಬಂತು. ದಾಕ್ಷಾಯಿಣಿಯ ತೋಳುಗಳು ಜಗ್ಗಿದವು, ಭುಜ ಸೆಟೆಯಿತು. ಬಿಡ್ರಿ ಎಂದು ಅವಳು ಕೂಗಿದ್ದು ಅವಳಿಗೆ ಗೊತ್ತಿಲ್ಲ, ಆಮೇಲೆ ಮುಬೀನಾ ಹೇಳಿದಳು. ವಿರೂಪಾಕ್ಷಪ್ಪನವರು ಬಿಡಲಿಲ್ಲ. ಎಂಜಿನ್ ತಿರುವಿನಲ್ಲಿ ಹೊರಳಿ, ಹಲಗೆಯ ಅಂಚು ಹಾರಿ, ಕೌದಿಯ ಆಚೆ ಸಿಮೆಂಟಿನ ನೆಲಕ್ಕೆ ಬಿತ್ತು. ಹಿಂದೆಯೇ ಆರು ಡಬ್ಬಿ. ಕುದಿನೀರು ದಾಕ್ಷಾಯಿಣಿಯ ಪಾದಕ್ಕೆ ಸಿಡಿಯಿತು. ಚೆಲ್ಲಿದ ಸ್ಪಿರಿಟಿಗೆ ಬೆಂಕಿ ತಗುಲಿ ನೆಲದ ಮೇಲೆ ನೀಲಿ ಜ್ವಾಲೆ ಹರಿದಾಡಿತು. ವಿರೂಪಾಕ್ಷಪ್ಪನವರು ಕೌದಿಯನ್ನು ಪಕ್ಕದ ನೀರಿನ ಬಕೆಟ್ಟಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿದರು.

ಮುಬೀನಾ ಮಾತ್ರ ಪರದೆ ಬಿಟ್ಟು ಕದಲಲಿಲ್ಲ. ಬಿದ್ದ ಎಂಜಿನ್ನಿನ ಗಾಲಿಗಳು ಇನ್ನೂ ತಿರುಗುತ್ತಿದ್ದವು. ಬ್ರೇಕು ಸೊನ್ನೆಯಲ್ಲೇ ಇತ್ತು. ಎರಡು ಸೆಕೆಂಡು ಕಳೆಯಿತು, ಮೂರಾಯಿತು, ಏಳಾಯಿತು. ಸವಾರ ಏನನ್ನೂ ಮಾಡಲಿಲ್ಲ.

"ಅದು ಕಾಯಾಕತ್ತೇತ್ರಿ ಸರ್," ಎಂದಳು ಮುಬೀನಾ. "ಕೈ ಬರತೈತಂತ ಕಾಯಾಕತ್ತೇತಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಕೆರೂರರು ಇವರೊಡನೆ ಮಾತಾಡಲಿಲ್ಲ. ಬೇರೆ ಯಾರಿಗೋ, ಎಲ್ಲರನ್ನೂ ಡಬ್ಬಿಯಿಂದ ಇಳಿಸಿರಿ, ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಇಳಿಸಿರಿ ಎನ್ನುತ್ತಿದ್ದುದು ಕೇಳಿಸಿತು. ಮುಬೀನಾ ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅಡಿಗೆಮನೆಗೆ ಹೋಗಿ ದಾಕ್ಷಾಯಿಣಿಯ ಪಾದಕ್ಕೆ ಹಾಕಲು ತಣ್ಣೀರು ತಂದಳು.

ಮುಂದಿನ ವಾರ ಮೂವತ್ತೆಂಟು ಮನೆಗೂ ಪತ್ರ ಹೋಯಿತು. ಮುಟ್ಟಿದ್ದೇವೆ ಎಂದು ಇಪ್ಪತ್ತೊಂಬತ್ತು ಮಂದಿ ಬರೆದು ಒಪ್ಪಿಕೊಂಡರು. ಐವರು ಉತ್ತರ ಕೊಡಲಿಲ್ಲ. ನಾಲ್ವರು ತಾವು ಎಂದೂ ಮುಟ್ಟಿಲ್ಲವೆಂದರು. ಅವರಲ್ಲಿ ಒಬ್ಬರು ಮಾತ್ರ ಖರೆ ಹೇಳಿದ್ದರೆಂದು ಆಮೇಲೆ ತಿಳಿಯಿತು. ಪತ್ರಿಕೆಯವರಿಗೆ ಸುದ್ದಿ ಸಿಕ್ಕಿತು. ಸುಳ್ಳು ಸಹಿ ಹಾಕಿದ ನಿವೃತ್ತ ಶಿಕ್ಷಕಿ ಎಂದು ದಾಕ್ಷಾಯಿಣಿಯ ಹೆಸರೇ ಮೊದಲು ಬಂತು, ಏಕೆಂದರೆ ಮೊದಲು ಹೇಳಿದವಳು ಅವಳೇ. ಓಣಿಯ ಜನ ಏನೂ ಕೇಳಲಿಲ್ಲ, ಆದರೆ ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವಳ ವಿದ್ಯಾರ್ಥಿಯಾಗಿದ್ದ ಒಬ್ಬ ಬಂದು, ಮೇಡಂ, ಅಳತೆ ತಪ್ಪಿದ ಬೋಲ್ಟನ್ನು ನೀವು ನಮ್ಮ ಮುಂದೆ ಕಸದ ಡಬ್ಬಿಗೆ ಹಾಕುತ್ತಿದ್ದಿರಿ ಎಂದಷ್ಟೇ ಹೇಳಿ, ಚಹಾ ಕುಡಿಯದೆ ಹೋದ. ಅದು ಅವಳಿಗೆ ಪತ್ರಿಕೆಯ ಸುದ್ದಿಗಿಂತ ಹೆಚ್ಚು ತಾಗಿತು.

ಪ್ರಯೋಗಾಲಯ ಹಳೆಯ ಕಲಿಕೆಯನ್ನೆಲ್ಲ ಅಳಿಸಿಹಾಕಿತು. ಕೆರೂರರು ಹವ್ಯಾಸಿಗಳಿಗೆ ಇನ್ನೊಂದು ಪತ್ರ ಬರೆದರು. ಅದರಲ್ಲಿ ಒತ್ತಾಯವಿರಲಿಲ್ಲ. ಸವಾರನಿಗೆ ಈಗ ನಿಜವಾದ ಬೀಳುವಿಕೆಗಳು ಬೇಕು, ಯಾರು ಕೊಡಬಲ್ಲಿರಿ ಎಂದು ಕೇಳಿದ್ದರು. ಈ ಸಲ ಪ್ರತಿ ತಿರುವಿಗೂ ಕ್ಯಾಮೆರಾ ಇರುತ್ತದೆ. ಹದಿನೇಳು ಮಂದಿ ಒಪ್ಪಿದರು.

ಮುಂದಿನ ಎಂಟು ತಿಂಗಳು ಆ ಹದಿನೇಳು ಮನೆಗಳಲ್ಲಿ ಎಂಜಿನ್‌ಗಳು ಬಿದ್ದವು. ಇನಾಮದಾರರು ಪರದೇಶದಿಂದ ತರಿಸಿದ್ದ ಹಸಿರು ಎಂಜಿನ್ ಮೂರನೇ ಸಲಕ್ಕೆ ಎರಡು ಹೋಳಾಯಿತು. ಅವರು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ, ಆಮೇಲೆ ಇನ್ನೊಂದನ್ನು ಹಳಿಗೆ ಇಟ್ಟರು. ದಾಕ್ಷಾಯಿಣಿ ಮೂರನೇ ನಂಬರನ್ನು ಇಪ್ಪತ್ತಾರು ಸಲ ಬೀಳಿಸಿದಳು. ಬಿದ್ದದ್ದನ್ನು ಎತ್ತುವುದು, ತಗ್ಗಿದ ಬಾಯ್ಲರನ್ನು ಮರದ ಸುತ್ತಿಗೆಯಿಂದ ನೆಟ್ಟಗೆ ಮಾಡುವುದು, ಸೀಳಿದ ಕಡೆ ಬೆಸುಗೆ ಹಾಕುವುದು, ನೀರು ಸೋರದಂತೆ ನೋಡುವುದು, ಮತ್ತೆ ಬೀಳಿಸುವುದು. ಮೊದಮೊದಲು ಗಂಡ ಕೈ ಹಿಡಿಯಬೇಕಾಗುತ್ತಿತ್ತು. ಹತ್ತನೆಯದರ ನಂತರ ಅವಳು ಒಬ್ಬಳೇ ಕೈಕಟ್ಟಿ ನಿಲ್ಲುವುದನ್ನು ಕಲಿತಳು. ಕಲಿತದ್ದರ ಬಗ್ಗೆ ಅವಳಿಗೆ ಹೆಮ್ಮೆಯೇನೂ ಇರಲಿಲ್ಲ. ಈಗ ಎಂಜಿನ್ನಿಗೆ ಎಷ್ಟು ತೇಪೆ ಬಿದ್ದಿತ್ತೆಂದರೆ ಅಂತೋನಿ ಮಾಸ್ತರರು ಬಂದು ನೋಡಿದರೂ ಗುರುತು ಹಿಡಿಯುವುದು ಕಷ್ಟವಿತ್ತು.

ಎರಡನೇ ಪರೀಕ್ಷೆಯ ದಿನ ಕೆರೂರರು ಅವಳನ್ನು ನಿಯಂತ್ರಣ ಕೋಣೆಗೆ ಕರೆಸಿಕೊಂಡರು. ಈ ಸಲ ಜನ ಹನ್ನೆರಡು ಮಂದಿ ಮಾತ್ರ, ಎಲ್ಲರೂ ತಾವಾಗಿ ಹೆಸರು ಕೊಟ್ಟವರು. ಕ್ಯಾಬಿನ್ನಿನಲ್ಲಿ ಒಬ್ಬ ಅನುಭವಿ ಚಾಲಕ, ಅವನ ಕೈಗೆ ಸವಾರನ ಹಂಗಿಲ್ಲದ ಬೇರೆಯದೇ ಬ್ರೇಕು. ಮುಬೀನಾ ಮತ್ತೆ ಎರಡನೇ ಡಬ್ಬಿಯಲ್ಲಿದ್ದಳು. ಬೇಡ ಎಂದು ದಾಕ್ಷಾಯಿಣಿ ಹಿಂದಿನ ದಿನ ಫೋನು ಮಾಡಿ ಹೇಳಿದ್ದಳು. ನಾವು ಮಾಡಿದ್ದರಲ್ಲಿ ನಾವೇ ಕೂಡದಿದ್ದರೆ ಯಾರನ್ನು ಕೂಡಿಸುವುದು ಎಂದು ಮುಬೀನಾ ಕೇಳಿದ್ದಳು.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಗೋಡೆಯ ಮೇಲಿನ ಚುಕ್ಕೆ ಕದಲಿತು. ಒಂದನೇ ತಿರುವು. ಎರಡು. ಘಟ್ಟದಲ್ಲಿ ಮಂಜಿತ್ತು, ಹಳಿ ಒದ್ದೆಯಿತ್ತು. ದಾಕ್ಷಾಯಿಣಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸಂಖ್ಯೆಗಳನ್ನು ನೋಡಿದಳು. ಐದನೇ ತಿರುವಿನಲ್ಲಿ ವೇಗ ಮಿತಿಗೆ ಬಂತು. ಆರು ದಾಟಿದ ಮೇಲೆ ಒಂದಿಷ್ಟು ಮೀರಿತು. ಪಕ್ಕದಲ್ಲಿದ್ದ ಕೆರೂರರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು. ಚುಕ್ಕೆ ಏಳರ ಕಡೆಗೆ ಇಳಿಯುತ್ತಿತ್ತು. ಬ್ರೇಕಿನ ಸಂಖ್ಯೆ ಅರವತ್ತರಲ್ಲಿ ನಿಂತಿತ್ತು.

ಆಮೇಲೆ ಅದು ತೊಂಬತ್ತೈದಕ್ಕೆ ಏರಿತು.

ಏಳನೇ ತಿರುವಿಗೆ ಇನ್ನೂ ಮುಕ್ಕಾಲು ಕಿಲೋಮೀಟರು ಇತ್ತು. ವೇಗ ಬೀಳತೊಡಗಿತು. ಚುಕ್ಕೆ ಬಹಳ ನಿಧಾನವಾಗಿ, ತಡವರಿಸುತ್ತ ನಡೆಯುವವರ ಹಾಗೆ, ತಿರುವನ್ನು ಸುತ್ತಿ ಹೊರಗೆ ಬಂತು. ಕೆರೂರರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿಗೆ ಡಬ್ಬಿಯಿಂದ ಮುಬೀನಾಳ ದನಿ ಬಂತು. ಎಲ್ಲರೂ ಸುಖವಾಗಿದ್ದಾರೆ, ಆದರೆ ಎಲ್ಲರ ಬಟ್ಟೆಯ ಮೇಲೂ ಚಹಾ ಚೆಲ್ಲಿದೆ ಎಂದಳು. ಅಷ್ಟು ಬೇಗ, ಅಷ್ಟು ಜೋರಾಗಿ ಒತ್ತುವ ಅಗತ್ಯ ಇರಲಿಲ್ಲ, ಹೀಗಾದರೆ ರೈಲು ದಿನಾಲೂ ತಡವಾಗುತ್ತದೆ ಎಂದು ಪಕ್ಕದ ಮೇಜಿನವರು ಲೆಕ್ಕ ಹಾಕತೊಡಗಿದರು.

"ಅಕ್ಕಾರ, ಅಲ್ಲೇ ಇದ್ದೀರಿ?" ಎಂದು ಮುಬೀನಾ ಕೇಳಿದಳು. "ಹೆದರಿದವರಂಗ ಬ್ರೇಕ್ ಹಾಕ್ತ್ರಿ ಅದು."

ದಾಕ್ಷಾಯಿಣಿ ಮೈಕಿನ ಹತ್ತಿರ ಬಾಗಿದಳು.

"ಹೆದರಲಿ, ಮುಬೀನಾ," ಎಂದಳು. "ಇನ್ನೊಂದಿಷ್ಟು ದಿನ ಹೆದರಲಿ."